ವಸ್ತುಭಂಡಾರದ ತಂತ್ರಾಂಶಗಳೂ ಬಳಕೆದಾರರ ಅಪೇಕ್ಷೆಗಳೂ

ಗ್ರಂಥರಕ್ಷಣೆಯೆಂದರೆ ಓಲೆಗರಿ, ಕಡತ, ಕಾಗದಗಳ ರಕ್ಷಣೆಯೆಂದಷ್ಟೇ ತಿಳಿಯುತ್ತಿದ್ದ ಕಾಲವು ಕಳೆದುಹೋಯಿತು. ಹಸ್ತಪ್ರತಿಗಳ ಛಾಯಾಚಿತ್ರಗಳು, ಶಾಸನಗಳ ಪಡಿಯಚ್ಚುಗಳು, ಹಳೆಯ ಪತ್ರಿಕೆಗಳ ಸಂಪುಟಗಳು, ಹಾಡುಗಾರರ ಧ್ವನಿಮುದ್ರಣಗಳು ಇವೆಲ್ಲವೂ ಈಗ ಅಂಕಿಗಳ ರೂಪವನ್ನು ತಾಳಿ, ದೂರದ ಯಾವುದೋ ಯಂತ್ರಶಾಲೆಯಲ್ಲಿ ಹೋಗಿ ಸೇರುತ್ತಿವೆ. ಅಲ್ಲಿ ಅವು ಯಾವ ಕ್ರಮದಿಂದ ಇರುತ್ತವೆ, ಯಾವ ಹೆಸರಿನಿಂದ ಕರೆದರೆ ಹೊರಕ್ಕೆ ಬರುತ್ತವೆ, ಕಾವಲಿನವನು ಬದಲಾದರೆ ಅವುಗಳ ಗತಿಯೇನು ಎಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ವಿಚಾರಿಸುವ ಪದ್ಧತಿಯಿಲ್ಲ. ದೊಡ್ಡ ಸಂಸ್ಥೆಗಳು ಇಂಥ ಸಂಗ್ರಹಕ್ಕೆ ಇಂದು ಹೆಚ್ಚಾಗಿ ಅವಲಂಬಿಸಿರುವ ಕ್ರಮಕ್ಕೆ ಆಬ್ಜೆಕ್ಟ್ ಸ್ಟೋರೇಜ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ವಸ್ತುಭಂಡಾರವೆನ್ನಬಹುದು. ಅದನ್ನು ನಡೆಯಿಸುವ ತಂತ್ರಾಂಶಗಳಲ್ಲಿ ಆಗಬೇಕಾದ ತಿದ್ದುಪಾಟುಗಳನ್ನು ಕುರಿತು ಬಳಕೆದಾರರು ಅನೇಕ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅವರ ಮಾತುಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ, ಸ್ಥಳವು ಸಾಲದೆಂಬ ದೂರು ಬಹುತೇಕ ಇಲ್ಲವೇ ಇಲ್ಲ. ಇಟ್ಟುಕೊಂಡುದರ ಲೆಕ್ಕವನ್ನು ಭಂಡಾರವು ಸರಿಯಾಗಿ ಒಪ್ಪಿಸುವುದಿಲ್ಲವೆಂಬುದೇ ಅವರ ಮುಖ್ಯವಾದ ದೂರಾಗಿದೆ.

ಈ ಭಂಡಾರದ ಸ್ವರೂಪವನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯಕ. ಮೇಜಿನ ಮೇಲಿನ ಗಣಕಯಂತ್ರದಲ್ಲಿ ಕಡತಗಳು ಒಂದರೊಳಗೊಂದು ಅಡಕವಾದ ಕೋಶಗಳಲ್ಲಿ ಇರುತ್ತವಷ್ಟೆ. ವಸ್ತುಭಂಡಾರದಲ್ಲಿ ಕೋಶಗಳೆಂಬುವು ಇಲ್ಲ. ಬಕೆಟ್ ಎಂಬ ಮನೆಬಳಕೆಯ ಹೆಸರನ್ನು ಹೊತ್ತ ಒಂದು ದೊಡ್ಡ ಆವರಣ. ಅದರೊಳಗೆ ಎಷ್ಟು ಬೇಕಾದರೂ ವಸ್ತುಗಳು. ಪ್ರತಿಯೊಂದು ವಸ್ತುವಿಗೂ ಒಂದು ಹೆಸರು, ಅದರೊಡನೆ ಸ್ವಲ್ಪ ವಿವರಣೆ. ಇಷ್ಟೇ ಇದರ ವ್ಯವಸ್ಥೆ. ‘ಪಂಪ/ಆದಿಪುರಾಣ/ಪುಟ-೧’ ಎಂದು ಹೆಸರಿಟ್ಟರೆ ಮೂರು ಅಂತಸ್ತುಗಳಿರುವಂತೆ ತೋರಿದರೂ, ಭಂಡಾರಕ್ಕೆ ಅದು ಉದ್ದವಾದ ಒಂದೇ ಹೆಸರು. ನಡುವಣ ಓರೆಗೆರೆಯೂ ಆ ಹೆಸರಿನ ಒಂದು ಅಕ್ಷರವೇ. ಇನ್ನೊಂದು ವಿಶೇಷವುಂಟು. ಸಾಮಾನ್ಯವಾದ ವಸ್ತುಭಂಡಾರದಲ್ಲಿ ವಸ್ತುವಿನ ಒಂದು ಭಾಗವನ್ನು ಮಾತ್ರ ತಿದ್ದಲಾಗುವುದಿಲ್ಲ. ಓಲೆಯ ಮೇಲೆ ಕಂಟದಿಂದ ಕೊರೆದುದನ್ನು ಅಳಿಸಿ ಬರೆಯಲಾಗದೆ ಬೇರೊಂದು ಗರಿಯನ್ನೇ ಬರೆಯಬೇಕಾಗುತ್ತಿದ್ದಂತೆ, ಇಲ್ಲಿಯೂ ಇಡಿಯ ವಸ್ತುವನ್ನೇ ಹೊಸದಾಗಿ ಇಡಬೇಕು.

ಇಂಥ ಭಂಡಾರವನ್ನು ಜನಸಾಮಾನ್ಯರ ಉಪಯೋಗಕ್ಕೆ ಬಾಡಿಗೆಯ ಮೇಲೆ ತೆರೆದು ಪ್ರಸಿದ್ಧಗೊಳಿಸಿದುದು ಅಮೆಜಾನ್ ಸಂಸ್ಥೆ. ಅದರ ಎಸ್-ತ್ರೀ ಎಂಬ ಸೇವೆಯು ೨೦೦೬ನೆಯ ಮಾರ್ಚಿ ೧೪ರಂದು ಆರಂಭವಾಯಿತು. ಅದೇ ವರ್ಷ ಸೇಜ್ ವೈಲ್ ಎಂಬುವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂತಾ ಕ್ರೂಜ್ ವಿಭಾಗದಲ್ಲಿ ತಾವು ನಡೆಸಿದ ಸಂಶೋಧನೆಯ ಫಲವಾದ ಸೆಫ್ ಎಂಬ ವ್ಯವಸ್ಥೆಯನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ೨೦೧೦ರಲ್ಲಿ ರ‍್ಯಾಕ್‌ಸ್ಪೇಸ್ ಸಂಸ್ಥೆಯೂ ಅಮೆರಿಕದ ನಾಸಾ ಸಂಸ್ಥೆಯೂ ಕೂಡಿ ಓಪನ್‌ಸ್ಟ್ಯಾಕ್ ಎಂಬ ಯೋಜನೆಯನ್ನು ಹೊರತಂದಾಗ ಸ್ವಿಫ್ಟ್ ಎಂಬ ಭಂಡಾರವೂ ಅದರಲ್ಲಿ ಸೇರಿತ್ತು. ಬಳಿಕ ಬಂದ ತಂತ್ರಾಂಶಗಳಲ್ಲಿ ಬಹುಭಾಗವು ಎಸ್-ತ್ರೀಯ ಮಾತುಕತೆಯ ರೀತಿಯನ್ನೇ ತಮ್ಮದನ್ನಾಗಿ ಮಾಡಿಕೊಂಡಿತು. ಆದುದರಿಂದ ಒಂದರ ಗುಣದೋಷಗಳು ಹೆಚ್ಚು ಕಡಮೆ ಎಲ್ಲಕ್ಕೂ ಬಂದಿವೆ. ಬಳಕೆದಾರರ ಅಪೇಕ್ಷೆಗಳೂ ಎಲ್ಲೆಲ್ಲಿಯೂ ಒಂದೇ ಬಗೆಯಾಗಿವೆ.

ಹೆಸರಿನ ವಿಷಯವನ್ನೇ ಮೊದಲು ತೆಗೆದುಕೊಳ್ಳಬಹುದು. ಇಟ್ಟ ಹೆಸರನ್ನು ಬದಲಾಯಿಸುವ ಆಜ್ಞೆಯೇ ಈ ಕ್ರಮದಲ್ಲಿ ಮೊದಲಿನಿಂದಲೂ ಇರಲಿಲ್ಲ. ಒಂದು ಗ್ರಂಥದ ಕರ್ತೃವಿನ ಹೆಸರು ತಪ್ಪಾಗಿತ್ತೆಂದು ಭಾವಿಸೋಣ. ಅದರ ನಾನೂರು ಪುಟಗಳ ಚಿತ್ರಗಳಲ್ಲಿ ಒಂದೊಂದನ್ನೂ ಹೊಸ ಹೆಸರಿನಲ್ಲಿ ಪ್ರತಿಮಾಡಿ, ಹಳೆಯದನ್ನು ಅಳಿಸಬೇಕು. ನಡುವೆ ಕೆಲಸವು ನಿಂತರೆ ಅರ್ಧ ಗ್ರಂಥವು ಒಂದು ಹೆಸರಿನಲ್ಲಿಯೂ ಉಳಿದರ್ಧವು ಇನ್ನೊಂದರಲ್ಲಿಯೂ ಉಳಿಯುತ್ತದೆ. ಈ ಕೊರತೆಯನ್ನು ಕಂಡು ಮೈಕ್ರೊಸಾಫ್ಟ್ ಮೊದಲಾದ ಕೆಲವು ಸಂಸ್ಥೆಗಳು ನಿಜವಾದ ಕೋಶಗಳುಳ್ಳ ಬೇರೊಂದು ಬಗೆಯ ಭಂಡಾರವನ್ನು ಒದಗಿಸಿವೆ. ಅಲ್ಲಿ ಇಡಿಯ ಕೋಶದ ಹೆಸರನ್ನು ಒಂದೇ ಏಟಿಗೆ ಬದಲಿಸಬಹುದು. ಆದರೆ ಕೆಲವು ಕಡೆ ಅದನ್ನು ಭಂಡಾರವನ್ನು ಕಟ್ಟುವಾಗಲೇ ಆರಿಸಿಕೊಳ್ಳಬೇಕಾದುದರಿಂದ, ಅಲ್ಲಿ ಹಳೆಯ ಸಂಗ್ರಹವುಳ್ಳವರಿಗೆ ಅಷ್ಟಾಗಿ ನೆರವಾಗಿಲ್ಲ.

ಕನ್ನಡದಲ್ಲಿ ಹೆಸರಿಡುವವರಿಗೆ ಇದರ ಮೇಲೆ ಇನ್ನೂ ಕೆಲವು ತೊಡಕುಗಳಿವೆ. ಎಸ್-ತ್ರೀಯಲ್ಲಿ ಬಕೆಟ್ಟಿನ ಹೆಸರು ರೋಮನ್ ಲಿಪಿಯ ಸಣ್ಣಕ್ಷರಗಳು, ಅಂಕಿಗಳು, ಚುಕ್ಕೆ, ಅಡ್ಡಗೆರೆ ಇವುಗಳಿಂದಲೇ ಆಗಬೇಕು; ಅಲ್ಲಿ ಕನ್ನಡಕ್ಕೆ ಪ್ರವೇಶವೇ ಇಲ್ಲ. ಒಳಗಿನ ವಸ್ತುವಿಗೆ ಕನ್ನಡದ ಹೆಸರು ಸಲ್ಲುತ್ತದೆ. ಆದರೆ ಅದರ ಮಿತಿಯನ್ನು ಅಕ್ಷರಗಳಿಂದಲ್ಲ, ಬೈಟ್ ಎಂಬ ಅಳತೆಯಿಂದ ಗೊತ್ತುಮಾಡಿದ್ದಾರೆ. ಮಿತಿಯು ೧೦೨೪ ಬೈಟುಗಳು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದು ಚಿಹ್ನೆಗೆ ಮೂರು ಬೇಕು. ಗುಣಿತದ ಕೊಂಬು, ಇಳಿ, ಏತ್ವಗಳೂ ವ್ಯಂಜನವನ್ನು ಒತ್ತಾಗಿಸುವ ಹಲಂತವೂ ಪ್ರತ್ಯೇಕ ಚಿಹ್ನೆಗಳೇ ಆದುದರಿಂದ ‘ಕ್ಷ್ಮೀ’ ಎಂಬ ಒಂದು ಅಕ್ಷರವೇ ೧೮ ಬೈಟುಗಳನ್ನು ನುಂಗಿಬಿಡುವುದು. ಇಂಗ್ಲಿಷಿಗೆ ೧೦೨೪ ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ ೩೪೧ ಚಿಹ್ನೆಗಳ ಅವಕಾಶವಷ್ಟೇ ಉಳಿಯುತ್ತದೆ.

ಅವಕಾಶವು ಕಿರಿದಾದುದನ್ನಾದರೂ ಸಹಿಸಬಹುದು. ಅದಕ್ಕಿಂತ ಸೂಕ್ಷ್ಮವಾದ, ಆದರೆ ಹೆಚ್ಚು ಕೇಡನ್ನುಂಟುಮಾಡುವ ತೊಡಕೊಂದಿದೆ. ಯೂನಿಕೋಡ್ ಎಂಬ ಲಿಪಿಸಂಕೇತದಲ್ಲಿ ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಎರಡು ವಿಧವಾಗಿ ಬರೆಯಬಹುದು. ಒತ್ವಕ್ಕೆ ಇರುವ ಒಂದೇ ಸಂಕೇತವನ್ನು ಬಳಸುವುದು ಒಂದು ವಿಧ. ಎತ್ವದ ಸಂಕೇತವನ್ನು ಬರೆದು ಅದರ ಮುಂದೆ ಊಕಾರದ ಕೊಂಬಿನ ಸಂಕೇತವನ್ನು ಸೇರಿಸುವುದು ಇನ್ನೊಂದು. ‘ಕೀ’, ‘ಕೇ’, ‘ಕೈ’, ‘ಕೋ’ ಇವುಗಳಿಗೂ ಹೀಗೆಯೇ ಇಬ್ಬಗೆಯುಂಟು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ನಿಯಮವೂ ಎರಡನ್ನೂ ಸಮಾನವೆಂದೇ ಹೇಳುತ್ತದೆ. ಆದರೆ ವಸ್ತುಭಂಡಾರವು ಬೈಟುಗಳನ್ನು ನೋಡುವುದೇ ಹೊರತು ಅಕ್ಷರಗಳನ್ನು ನೋಡದು. ‘ಕೊಪ್ಪಳದ ಶಾಸನ’ ಎಂಬ ಹೆಸರು ಒಂದು ರೀತಿಯಲ್ಲಿ ಸೇರಿ, ಹುಡುಕುವವನು ಇನ್ನೊಂದು ರೀತಿಯಲ್ಲಿ ಬರೆದನಾದರೆ ಭಂಡಾರವು ಅಂಥ ವಸ್ತುವಿಲ್ಲವೆಂದು ಉತ್ತರ ಕೊಡುವುದು. ಇದು ಬರಿಯ ಊಹೆಯ ಮಾತಲ್ಲ. ಆಪಲ್ ಸಂಸ್ಥೆಯ ಗಣಕಯಂತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಬೇರೆ ಯಂತ್ರಗಳ ಕೀಲಿಮಣೆಗಳು ಸಾಮಾನ್ಯವಾಗಿ ಕೂಡಿಸಿದ ರೂಪವನ್ನು ಕೊಡುತ್ತವೆ. ಎರಡು ಕಡೆಗಳಿಂದಲೂ ಬಂದ ಚಿತ್ರಗಳು ಒಂದೇ ಬಕೆಟ್ಟಿಗೆ ಸೇರಿದರೆ ಒಂದೇ ಹೆಸರಿನ ಎರಡು ವಸ್ತುಗಳು ಅಕ್ಕಪಕ್ಕದಲ್ಲಿ ಕುಳಿತಿರುವಂತೆ ಕಾಣಬಹುದು. ಒತ್ತಕ್ಷರವನ್ನು ತಡೆಯಲು ಬಳಸುವ ಕಣ್ಣಿಗೆ ಕಾಣದ ಸಂಕೇತವೂ ಇಂಥ ಭೇದಕ್ಕೆ ಕಾರಣವಾಗುತ್ತದೆ. ಪಾಠಾಂತರಗಳಲ್ಲಿ ನುರಿತ ಸಂಪಾದಕನಿಗೂ ಈ ಪಾಠಾಂತರವು ಗೋಚರಿಸುವಂತಿಲ್ಲ. ಹೆಸರನ್ನು ಸ್ವೀಕರಿಸುವಾಗಲೇ ಭಂಡಾರವು ಒಂದು ರೂಪಕ್ಕೆ ತಂದುಕೊಳ್ಳಬೇಕು, ಇಲ್ಲವೆ ಎಚ್ಚರಿಕೆಯನ್ನಾದರೂ ಕೊಡಬೇಕು ಎಂಬ ಅಪೇಕ್ಷೆಯು ನ್ಯಾಯವಾದುದು. ಈ ಬೇಡಿಕೆಯನ್ನು ಮುಂದಿಡಬೇಕಾದವರು ಭಾರತೀಯ ಭಾಷೆಗಳವರೇ.

ಪಟ್ಟಿಯ ಅನುಕ್ರಮವೂ ಬೈಟುಗಳದೇ. ಯೂನಿಕೋಡಿನಲ್ಲಿ ಳಕಾರವು ಲಕಾರದ ಒಡನೆಯೇ, ವಕಾರಕ್ಕೆ ಮೊದಲು ನಿಂತಿದೆ. ನಿಘಂಟುಗಳಲ್ಲಿ ಅದು ಹಕಾರದ ಅನಂತರ ಬರುವುದೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ಪುಟಗಳ ಅಂಕಿಗಳಿಗೂ ಇದೇ ಅವಸ್ಥೆ: ೧ರ ಬಳಿಕ ೧೦, ಆಮೇಲೆ ೧೦೦, ಅನಂತರ ೨. ಇದನ್ನು ಬಲ್ಲವರು ೦೦೧, ೦೦೨ ಎಂದು ಸೊನ್ನೆಗಳನ್ನು ತುಂಬಿ ಪಾರಾಗುತ್ತಾರೆ.

ವಸ್ತುವಿನೊಡನೆ ಇಡುವ ವಿವರಣೆಗೆ ಎಸ್-ತ್ರೀ ಕೊಟ್ಟಿರುವ ಸ್ಥಳ ಎರಡು ಕಿಲೊಬೈಟುಗಳು. ಅದು ಇಂಗ್ಲಿಷ್ ಲಿಪಿಯ ಮೂಲಸಂಕೇತಗಳಿಗೆ ತಕ್ಕಂತೆ ಕಟ್ಟಿದ್ದು; ಕನ್ನಡದಲ್ಲಿ ಬರೆದರೆ ಗೂಢಲಿಪಿಯಂಥ ರೂಪದಲ್ಲಿ ಹಿಂದಿರುಗುತ್ತದೆ, ಓದುವ ತಂತ್ರಾಂಶವು ಅದನ್ನು ಬಿಡಿಸಿಕೊಳ್ಳಬೇಕು. ಒಮ್ಮೆ ಬರೆದ ವಿವರಣೆಯನ್ನು ತಿದ್ದಬೇಕಾದರೆ ವಸ್ತುವನ್ನೇ ಅದರ ಮೇಲೆ ಮತ್ತೆ ಪ್ರತಿಮಾಡಬೇಕು. ಟ್ಯಾಗ್ ಎಂಬ ಚೀಟಿಗಳನ್ನು ಬೇಕಾದಾಗ ಬದಲಿಸಬಹುದು. ಆದರೆ ಒಂದು ವಸ್ತುವಿಗೆ ಹತ್ತು ಚೀಟಿಗಳು ಮಾತ್ರ. ಹಸ್ತಪ್ರತಿಯೊಂದರ ಕರ್ತೃ, ಲಿಪಿಕಾರ, ಕಾಲ, ಗರಿಗಳ ಸಂಖ್ಯೆ, ದೊರೆತ ಸ್ಥಳ, ಶಿಥಿಲತೆಯ ವಿವರ ಇವುಗಳನ್ನು ಬರೆಯುವುದರೊಳಗೆ ಚೀಟಿಗಳು ಮುಗಿಯುತ್ತ ಬಂದಿರುತ್ತವೆ.

ವಿವರಣೆಯು ಹೇಗೋ ಸೇರಿತೆನ್ನೋಣ; ಅದನ್ನು ಹಿಡಿದು ಹುಡುಕುವ ದಾರಿ ಬೇಕಲ್ಲವೆ? ಬಹುಕಾಲದವರೆಗೆ ಅದೂ ಇರಲಿಲ್ಲ. ಎಸ್-ತ್ರೀಯನ್ನು ಪಟ್ಟಿ ಕೇಳಿದರೆ ಸಾವಿರ ಹೆಸರುಗಳನ್ನು ಕೊಟ್ಟು ನಿಲ್ಲುವುದು. ಮತ್ತೆ ಕೇಳಿದರೆ ಇನ್ನೊಂದು ಸಾವಿರ. ಕೋಟಿ ವಸ್ತುಗಳಿದ್ದರೆ ಹತ್ತು ಸಾವಿರ ಸಾರಿ ಕೇಳಬೇಕು, ಒಂದೊಂದು ಸಾರಿಗೂ ಶುಲ್ಕವುಂಟು. ಇಷ್ಟಾದರೂ ದೊರೆಯುವುದು ಹೆಸರು, ಗಾತ್ರ, ದಿನಾಂಕಗಳಂಥ ಹೊರಗಿನ ಗುರುತುಗಳು ಮಾತ್ರ; ವಿವರಣೆಯಲ್ಲಿ ಇಂಥದಿದೆಯೆ ಎಂದು ಕೇಳುವಂತಿಲ್ಲ. ಆದುದರಿಂದ ಸಂಸ್ಥೆಗಳೆಲ್ಲವೂ ಭಂಡಾರದ ಹೊರಗೆ ತಮ್ಮದೇ ಆದ ಸೂಚಿಯೊಂದನ್ನು ಇಟ್ಟುಕೊಳ್ಳುವುದು ರೂಢಿಯಾಯಿತು. ಸೂಚಿಯು ಒಂದನ್ನು ಹೇಳಿ ಭಂಡಾರವು ಇನ್ನೊಂದನ್ನು ಹೇಳುವ ಕಷ್ಟವೂ ಅದರೊಡನೆಯೇ ಬಂದಿತು. ವಿವರಣೆಗಳನ್ನು ಪ್ರಶ್ನಿಸಬಲ್ಲ ಕೋಷ್ಟಕವನ್ನು ತಾನೇ ಸಿದ್ಧಪಡಿಸಿಕೊಡುವುದಾಗಿ ಅಮೆಜಾನ್ ಪ್ರಕಟಿಸಿದುದು ೨೦೨೪ರ ಡಿಸೆಂಬರಿನಲ್ಲಿ, ಎಂದರೆ ಸೇವೆಯು ಆರಂಭವಾದ ಹದಿನೆಂಟು ವರ್ಷಗಳ ಮೇಲೆ.

ಬಳಕೆದಾರರ ಒತ್ತಾಯವು ಫಲಿಸಿದ ಇನ್ನೆರಡು ಉದಾಹರಣೆಗಳನ್ನು ಇಲ್ಲಿಯೇ ಹೇಳಬಹುದು. ಒಂದು ವಸ್ತುವಿನ ಮೇಲೆ ಹೊಸದನ್ನಿಟ್ಟ ಬಳಿಕವೂ ಕೆಲವು ಹೊತ್ತು ಹಳೆಯದೇ ದೊರೆಯುವುದು, ಅಳಿಸಿದ್ದು ಪಟ್ಟಿಯಲ್ಲಿ ಇನ್ನೂ ಕಾಣಿಸಿಕೊಳ್ಳುವುದು, ಇವು ಎಸ್-ತ್ರೀಯಲ್ಲಿ ಸಂಭವಿಸುತ್ತಿದ್ದುವು. ಹಡೂಪ್ ಎಂಬ ತಂತ್ರಾಂಶವನ್ನು ರಚಿಸುವವರು ಈ ತೊಂದರೆಗಾಗಿಯೇ ಎಸ್-ತ್ರೀ-ಗಾರ್ಡ್ ಎಂಬ ಕಾವಲುಪಟ್ಟಿಯನ್ನು ಕಟ್ಟಿಕೊಂಡಿದ್ದರು. ೨೦೨೦ರ ಡಿಸೆಂಬರಿನಲ್ಲಿ ಅಮೆಜಾನ್ ಈ ದೋಷವನ್ನು ನಿವಾರಿಸಿತು. ಅದಕ್ಕಾಗಿ ಬೇರೆ ಶುಲ್ಕವನ್ನೂ ವಿಧಿಸಲಿಲ್ಲ. ಇಬ್ಬರು ಏಕಕಾಲದಲ್ಲಿ ಒಂದೇ ಹೆಸರಿನಲ್ಲಿ ಬರೆದರೆ ಕೊನೆಯವನದು ಉಳಿದು ಮೊದಲಿನವನದು ಮರೆಯಾಗುವುದು ಎರಡನೆಯ ದೋಷ. ‘ಈ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಇಡು’ ಎಂಬ ಷರತ್ತು ೨೦೨೪ರ ಆಗಸ್ಟಿನಲ್ಲಿ ಬಂದಿತು.

ಇನ್ನು ರಕ್ಷಣೆಯ ವಿಚಾರ. ಗ್ರಂಥವು ನಾಶವಾಗದಂತೆ ಮಾಡಲು ಪ್ರತಿಗಳನ್ನು ಹೆಚ್ಚಿಸುವುದು ಹಳೆಯ ಉಪಾಯ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿಸಿದಳೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ವಸ್ತುಭಂಡಾರದಲ್ಲಿ ಮೂರು ಪ್ರತಿಗಳನ್ನಿಡುವ ಪದ್ಧತಿಯೂ ಉಂಟು. ಅದಕ್ಕಿಂತ ಮಿತವ್ಯಯದ ಉಪಾಯವೂ ಉಂಟು. ರೀಡ್ ಮತ್ತು ಸಾಲಮನ್ ಎಂಬ ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ಸೂತ್ರದ ಮೇರೆಗೆ ವಸ್ತುವನ್ನು ಎಂಟು ತುಂಡುಗಳಾಗಿ ಮಾಡಿ, ಅವುಗಳಿಂದ ಲೆಕ್ಕಹಾಕಿ ತೆಗೆದ ನಾಲ್ಕು ತುಂಡುಗಳನ್ನು ಅವಕ್ಕೆ ಸೇರಿಸಿ, ಹನ್ನೆರಡನ್ನೂ ಹನ್ನೆರಡು ಕಡೆ ಇಡಬಹುದು. ಯಾವ ನಾಲ್ಕು ನಾಶವಾದರೂ ಉಳಿದ ಎಂಟರಿಂದ ಮೂಲವು ಪೂರ್ಣವಾಗಿ ದೊರೆಯುವುದು. ಮೂರು ಪ್ರತಿಗಳಿಗೆ ಮೂರರಷ್ಟು ಸ್ಥಳವು ಬೇಕಾದರೆ ಇದಕ್ಕೆ ಒಂದೂವರೆಯಷ್ಟು ಸಾಕು. ಇಂಥ ಏರ್ಪಾಟುಗಳ ಬಲದಿಂದಲೇ, ಕೋಟಿ ವಸ್ತುಗಳನ್ನಿಟ್ಟವನು ಹತ್ತು ಸಾವಿರ ವರ್ಷಗಳಲ್ಲಿ ಸರಾಸರಿ ಒಂದನ್ನು ಕಳೆದುಕೊಳ್ಳಬಹುದೆಂಬ ಮಟ್ಟಕ್ಕೆ ತನ್ನ ಭಂಡಾರವನ್ನು ರಚಿಸಿರುವುದಾಗಿ ಅಮೆಜಾನ್ ಹೇಳಿಕೊಳ್ಳುತ್ತದೆ.

ಆದರೆ ಈ ಲೆಕ್ಕವು ತಟ್ಟೆಗಳೂ ಯಂತ್ರಗಳೂ ಕೆಡುವುದನ್ನು ಕುರಿತದ್ದು. ಮನುಷ್ಯನ ಕೈತಪ್ಪು, ಕಳ್ಳತನ, ಒಂದೇ ಸ್ಥಳದಲ್ಲಿ ಎಲ್ಲವನ್ನೂ ಇಟ್ಟ ಅವಿವೇಕ ಇವು ಅದರೊಳಗೆ ಸೇರಿಲ್ಲ. ೨೦೧೭ನೆಯ ಫೆಬ್ರವರಿ ೨೮ರಂದು ಅಮೆಜಾನಿನ ನೌಕರನೊಬ್ಬನು ಕೆಲವೇ ಸರ್ವರುಗಳನ್ನು ನಿಲ್ಲಿಸಲು ಹೋಗಿ, ಆಜ್ಞೆಯನ್ನು ತಪ್ಪಾಗಿ ಬರೆದು, ಹೆಸರುಗಳ ಸೂಚಿಯನ್ನು ನೋಡಿಕೊಳ್ಳುವ ಸರ್ವರುಗಳನ್ನೇ ಬಹುಸಂಖ್ಯೆಯಲ್ಲಿ ನಿಲ್ಲಿಸಿಬಿಟ್ಟನು. ಸುಮಾರು ನಾಲ್ಕು ಗಂಟೆಗಳ ಕಾಲ ಎಷ್ಟೋ ಸಂಸ್ಥೆಗಳ ಕೆಲಸವು ನಿಂತುಹೋಯಿತು. ವಸ್ತುಗಳೆಲ್ಲ ಇದ್ದಲ್ಲಿಯೇ ಇದ್ದುವು, ಸೂಚಿಯಿಲ್ಲದುದರಿಂದ ದೊರೆಯಲಿಲ್ಲ. ಸೇವೆಯ ಯೋಗಕ್ಷೇಮವನ್ನು ತಿಳಿಸಬೇಕಾಗಿದ್ದ ಫಲಕವೂ ಅದೇ ಭಂಡಾರವನ್ನು ನೆಚ್ಚಿಕೊಂಡಿದ್ದುದರಿಂದ ಎಲ್ಲವೂ ಸರಿಯಾಗಿದೆಯೆಂದೇ ಬಹಳ ಹೊತ್ತು ತೋರಿಸುತ್ತಿತ್ತು. ಏನು ಕೆಟ್ಟಿದೆಯೆಂಬುದನ್ನು ಸ್ಪಷ್ಟವಾದ ಮಾತಿನಲ್ಲಿ, ಕೆಟ್ಟಾಗಲೂ ನಿಲ್ಲದ ಬೇರೆ ದಾರಿಯಿಂದ ತಿಳಿಸಬೇಕೆಂದು ಬಳಕೆದಾರರು ಕೇಳುವುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನವು ಬೇಡ.

ದಕ್ಷಿಣ ಕೊರಿಯದ ಡೇಜಿಯಾನ್ ನಗರದಲ್ಲಿರುವ ಸರ್ಕಾರದ ಗಣಕಕೇಂದ್ರಕ್ಕೆ ೨೦೨೫ನೆಯ ಸೆಪ್ಟೆಂಬರ್ ೨೬ರಂದು ಬೆಂಕಿ ಬಿದ್ದಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ ೮೫೮ ಟೆರಾಬೈಟುಗಳು ಅದರಲ್ಲಿ ನಾಶವಾದುವು. ಗಾತ್ರವು ಅತಿಯಾದುದರಿಂದ ಬೇರೆಡೆ ಪ್ರತಿಯನ್ನು ಇಟ್ಟಿರಲಿಲ್ಲವೆಂದು ಅಧಿಕಾರಿಗಳು ಕಾರಣವನ್ನು ಕೊಟ್ಟರು. ಬಹುಕಾಲ ಶ್ರಮಿಸಿ ಕೂಡಿಹಾಕಿದ ಸಂಗ್ರಹವೇ ದೊಡ್ಡದಾಗಿ ಬೆಳೆಯುವುದಾದುದರಿಂದ, ಈ ಕಾರಣವನ್ನು ಒಪ್ಪಿದರೆ ಅತ್ಯಮೂಲ್ಯವಾದುದೇ ಕಾವಲಿಲ್ಲದೆ ಉಳಿಯುವಂತಾಗುತ್ತದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ ೨೦೨೩ರ ಅಕ್ಟೋಬರಿನಲ್ಲಿ ನಡೆದ ದಾಳಿಯ ಕಥೆ ಬೇರೆ ಬಗೆಯದು. ಅಂಕೀಕೃತ ಸಂಗ್ರಹದ ಪ್ರತಿಗಳು ಅಲ್ಲಿ ಸುರಕ್ಷಿತವಾಗಿಯೇ ಇದ್ದುವು. ಆದರೆ ಅವನ್ನು ಹಿಂದಕ್ಕೆ ತಂದು ನಿಲ್ಲಿಸಬೇಕಾದ ಯಂತ್ರವ್ಯವಸ್ಥೆಯೇ ಹಾಳಾಗಿದ್ದುದರಿಂದ ವಿದ್ವಾಂಸರು ಹಸ್ತಪ್ರತಿಗಳ ಚಿತ್ರಗಳಿಗಾಗಿ ಬಹುಕಾಲ ಕಾಯಬೇಕಾಯಿತು. ಅಳಿಸಲಾಗದಂತೆ ವಸ್ತುವಿಗೆ ಅವಧಿಯ ಬೀಗವನ್ನು ಹಾಕುವ ಸೌಕರ್ಯವು ೨೦೧೮ರಿಂದ ಎಸ್-ತ್ರೀಯಲ್ಲಿದೆ. ಬೇರೆ ತಂತ್ರಾಂಶಗಳೂ ಅದನ್ನು ಅಳವಡಿಸಿಕೊಂಡಿವೆ. ಈಗಿನ ಅಪೇಕ್ಷೆಯು ಮರುಸ್ಥಾಪನೆಯನ್ನು ಕುರಿತದ್ದು: ಇಡಿಯ ಸಂಗ್ರಹವನ್ನು ಹಿಂದಕ್ಕೆ ತರಲು ಎಷ್ಟು ದಿನಗಳು ಬೇಕಾಗುವುದೆಂಬುದನ್ನು ಆಪತ್ತು ಬರುವುದಕ್ಕೆ ಮೊದಲೇ ಪರೀಕ್ಷಿಸಿ ನೋಡುವ ಸುಲಭವಾದ ಮಾರ್ಗವಿರಬೇಕು.

ವೆಚ್ಚದ ವಿಷಯದಲ್ಲಿ ಬಳಕೆದಾರರ ಮುನಿಸು ದರದ ಮೇಲಿರುವುದಕ್ಕಿಂತ ಹೆಚ್ಚಾಗಿ ಲೆಕ್ಕದ ಜಟಿಲತೆಯ ಮೇಲಿದೆ. ಇಡುವುದಕ್ಕೆ ಒಂದು ದರ, ಕೇಳುವುದಕ್ಕೆ ಒಂದು, ಹೊರಕ್ಕೆ ತೆಗೆದುಕೊಂಡು ಹೋಗುವುದಕ್ಕೆ ಮತ್ತೊಂದು. ಅಪರೂಪಕ್ಕೆ ನೋಡುವ ವಸ್ತುಗಳಿಗೆ ಅಗ್ಗವಾದ ಶ್ರೇಣಿಗಳುಂಟು. ಅವುಗಳಲ್ಲಿ ಅತ್ಯಂತ ಅಗ್ಗವಾದುದರಿಂದ ವಸ್ತುವು ಹೊರಬರಲು ಹನ್ನೆರಡು ಗಂಟೆ, ಕೆಲವು ವೇಳೆ ನಲವತ್ತೆಂಟು ಗಂಟೆಗಳೇ ಹಿಡಿಯುತ್ತವೆ. ೨೦೨೪ರಲ್ಲಿ ಬಳಕೆದಾರನೊಬ್ಬನು ಪರೀಕ್ಷೆಗೆಂದು ಒಂದು ಖಾಸಗಿ ಬಕೆಟ್ಟನ್ನು ತೆರೆದನು. ಯಾವುದೋ ಒಂದು ತಂತ್ರಾಂಶವು ತನ್ನ ಪ್ರತಿಗಳನ್ನಿಡಲು ಮೊದಲೇ ನಮೂದಿಸಿಕೊಂಡಿದ್ದ ಹೆಸರೂ ಅದೇ ಆಗಿತ್ತು. ಅಪರಿಚಿತ ಯಂತ್ರಗಳು ಒಂದು ದಿನದೊಳಗೆ ಸುಮಾರು ಹತ್ತು ಕೋಟಿ ಸಾರಿ ಬಾಗಿಲನ್ನು ತಟ್ಟಿ ತಿರಸ್ಕೃತವಾದುವು. ಆ ತಿರಸ್ಕಾರಗಳಿಗೂ ಶುಲ್ಕವು ಬಿದ್ದು ೧೩೦೦ ಡಾಲರುಗಳಿಗೂ ಹೆಚ್ಚಿನ ಬಾಕಿಯು ತೋರಿತು. ಈ ಸುದ್ದಿಯು ಹರಡಿದ ಮೇಲೆ, ಅದೇ ಮೇ ತಿಂಗಳಲ್ಲಿ, ಅನಧಿಕೃತವಾದ ಇಂಥ ಕೋರಿಕೆಗಳಿಗೆ ಶುಲ್ಕವಿಲ್ಲವೆಂದು ಅಮೆಜಾನ್ ನಿಯಮವನ್ನು ಬದಲಿಸಿತು. ಭಂಡಾರವನ್ನು ಬಿಟ್ಟುಹೋಗುವವರ ಮೇಲಣ ಸುಂಕವನ್ನು ಅದೇ ವರ್ಷದ ಆರಂಭದಲ್ಲಿ ಗೂಗಲ್, ಅಮೆಜಾನ್, ಮೈಕ್ರೊಸಾಫ್ಟ್ ಮೂರೂ ತೆಗೆದುಹಾಕಿದುವು. ೨೦೨೫ನೆಯ ಸೆಪ್ಟೆಂಬರ್ ೧೨ರಿಂದ ಅನ್ವಯವಾದ ಯೂರೋಪಿನ ಒಕ್ಕೂಟದ ದತ್ತಾಂಶ ಶಾಸನವು, ೨೦೨೭ರ ಜನವರಿ ೧೨ರಿಂದ ಇಂಥ ಸುಂಕಕ್ಕೆ ಅವಕಾಶವೇ ಇಲ್ಲವೆಂದು ವಿಧಿಸಿದೆ. ದಿನನಿತ್ಯ ಹೊರಕ್ಕೆ ಕೊಂಡೊಯ್ಯುವುದಕ್ಕೆ ಕೊಡಬೇಕಾದ ಹಣವು ಮಾತ್ರ ಹಾಗೆಯೇ ಇದೆ.

ಬಾಡಿಗೆಯ ಭಂಡಾರದ ಉಪದ್ರವವೇ ಬೇಡವೆಂದು ಸ್ವಂತ ಯಂತ್ರಗಳಲ್ಲಿ ತಂತ್ರಾಂಶವನ್ನು ನಡೆಯಿಸಿಕೊಳ್ಳುವ ಸಂಸ್ಥೆಗಳೂ ಇವೆ. ಅವರಲ್ಲಿ ಅನೇಕರಿಗೆ ಮಿನಿಐಒ ಎಂಬುದು ಮೆಚ್ಚಾಗಿತ್ತು. ಸೆಫ್ ಬಲಶಾಲಿಯಾದರೂ ಅದನ್ನು ಸಾಕುವುದಕ್ಕೆ ನುರಿತ ಆಳು ಬೇಕೆಂಬುದೇ ಇದಕ್ಕೆ ಕಾರಣ. ಮಿನಿಐಒ ತಂತ್ರಾಂಶದ ಅನುಮತಿಪತ್ರವು ೨೦೨೧ರಲ್ಲಿ ಹೆಚ್ಚು ಬಿಗಿಯಾದುದಕ್ಕೆ ಬದಲಾಯಿತು. ೨೦೨೫ರಲ್ಲಿ ಅದರ ಉಚಿತ ಆವೃತ್ತಿಯ ಆಡಳಿತಫಲಕದಿಂದ ಮುಖ್ಯ ಸೌಕರ್ಯಗಳನ್ನು ತೆಗೆದುಹಾಕಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿದ್ಧಪ್ರತಿಗಳನ್ನು ಹಂಚುವುದನ್ನೂ ನಿಲ್ಲಿಸಿದರು. ಮೂಲಸಂಕೇತವನ್ನು ತಂದು ತಾವೇ ಕಟ್ಟಿಕೊಳ್ಳಬಲ್ಲವರಿಗೆ ಇದರಿಂದ ಅಷ್ಟೇನೂ ತೊಂದರೆಯಾಗಲಿಲ್ಲ. ಒಬ್ಬನೇ ನೌಕರನನ್ನು ನೆಚ್ಚಿಕೊಂಡ ಸಣ್ಣ ಗ್ರಂಥಾಲಯದಂಥ ಕಡೆ ಇದು ದೊಡ್ಡ ಪೆಟ್ಟೇ. ಫ್ರಾನ್ಸಿನಲ್ಲಿ ಹುಟ್ಟಿದ ಗ್ಯಾರೇಜ್, ಸೀವೀಡ್‌ಎಫ್‌ಎಸ್ ಮುಂತಾದುವುಗಳ ಕಡೆಗೆ ಹಲವರು ಈಗ ತಿರುಗಿ ನೋಡುತ್ತಿದ್ದಾರೆ. ಎಲ್ಲವೂ ಎಸ್-ತ್ರೀಯ ಮಾತನ್ನೇ ಆಡುವುದರಿಂದ ವಸ್ತುಗಳನ್ನು ಸಾಗಿಸುವುದು ಕಠಿನವಲ್ಲ. ಯಾರಿಗೆ ಯಾವ ಅಧಿಕಾರ, ಯಾವ ವಸ್ತುವಿಗೆ ಎಷ್ಟು ದಿನದ ಬೀಗ, ಹಳೆಯ ಆವೃತ್ತಿಗಳು ಯಾವುವು ಎಂಬ ಕಟ್ಟಳೆಗಳು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸರಾಗವಾಗಿ ಹೋಗವು. ಈ ಕಟ್ಟಳೆಗಳಿಗೂ ಒಂದು ಸಾಮಾನ್ಯ ರೂಪವಿರಬೇಕೆಂಬುದು ಸ್ಥಳಾಂತರದ ಕಷ್ಟವನ್ನು ಕಂಡವರೆಲ್ಲರ ಬಯಕೆ.

ಇಂಥ ಸ್ಥಳಾಂತರದಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆಂಬುದಕ್ಕೆ ಕನ್ನಡ ಗ್ರಂಥಗಳ ನಿದರ್ಶನವೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರವು ಪ್ರಮುಖ ಪಾತ್ರ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಹಳೆಯ ಕನ್ನಡ ಪುಸ್ತಕಗಳು ಬಹುಸಂಖ್ಯೆಯಲ್ಲಿ ಅಂಕೀಕೃತವಾದುವು. ಆ ಯೋಜನೆಯ ಮೂಲತಾಣವು ಮುಂದೆ ನಿಂತುಹೋಯಿತು. ಅದರ ಪುಸ್ತಕಗಳ ಪ್ರತಿಗಳು ಅಮೆರಿಕದ ಇಂಟರ್‌ನೆಟ್ ಆರ್ಕೈವಿನಲ್ಲಿ ಸೇರಿದ್ದುದರಿಂದ ಇಂದಿಗೂ ದೊರೆಯುತ್ತಿವೆ. ಹೊರಗಿನವರು ವಸ್ತುಗಳನ್ನು ಸೇರಿಸಲು ಆ ಸಂಸ್ಥೆಯೂ ಎಸ್-ತ್ರೀಯನ್ನು ಹೋಲುವ ಬಾಗಿಲನ್ನೇ ಇಟ್ಟಿದೆ. ಪುಟಗಳು ಹೀಗೆ ಉಳಿದುವು. ಹೆಸರುಗಳು ಮಾತ್ರ ರೋಮನ್ ಲಿಪಿಯಲ್ಲಿ, ದೀರ್ಘಹ್ರಸ್ವಗಳ ವಿವೇಚನೆಯಿಲ್ಲದೆ, ಎಷ್ಟೋ ಕಡೆ ಗುರುತು ಸಿಕ್ಕದಂತೆ ಬರೆದಿದ್ದ ರೂಪದಲ್ಲಿಯೇ ಅವುಗಳ ಜೊತೆಯಲ್ಲಿ ಹೋದುವು. ಬೇಕಾದ ಗ್ರಂಥವು ಅಲ್ಲಿದ್ದರೂ ಕನ್ನಡದ ಹೆಸರಿನಿಂದ ಹುಡುಕಿದವನಿಗೆ ಹಲವು ವೇಳೆ ದೊರೆಯದು. ಅದನ್ನು ಬರೆದವನು ಯಾವ ಯಾವ ಬಗೆಯಲ್ಲಿ ತಪ್ಪಿರಬಹುದೆಂದು ಊಹಿಸಿ ನಾಲ್ಕಾರು ವರ್ಣಕ್ರಮಗಳಲ್ಲಿ ಹುಡುಕಿ ನೋಡಬೇಕಾಗುತ್ತದೆ.